ಚೀಟಿಯ ಅಂಕಿ, ಪರದೆಯ ಅಂಕಿ

ನನ್ನ ಅಮ್ಮ ಕೆಲಸ ಮಾಡುವ ಮುದ್ರಣಾಲಯದಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರು. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಭೂತಗನ್ನಡಿ. ಅದು ಅವಳಿಗೂ ಗೊತ್ತು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸುತ್ತಾಳೆ, ಜೋಡಿಸಿದ್ದನ್ನು ತಾನೇ ಓದಿ ತಿದ್ದುತ್ತಾಳೆ.

ಮನೆಗೆ ಬಂದರೂ ಅವಳ ಕಣ್ಣು ಸುಮ್ಮನಿರುವುದಿಲ್ಲ. ಬಸ್ ಟಿಕೆಟ್, ಮಾತ್ರೆಯ ಡಬ್ಬಿ, ಸೋಪಿನ ಹೊದಿಕೆ, ಕೈಗೆ ಬಂದದ್ದನ್ನೆಲ್ಲ ಓದುತ್ತಾಳೆ. ಒಂದು ಸಲ ಬೆಂಕಿಪೊಟ್ಟಣದ ಮೇಲೆ ಐವತ್ತು ಕಡ್ಡಿ ಎಂದು ಬರೆದಿದ್ದನ್ನು ಓದಿ, ಎಲ್ಲವನ್ನೂ ಮೇಜಿನ ಮೇಲೆ ಸುರಿದು ಎಣಿಸಿದಳು. ನಲವತ್ತೇಳಿದ್ದವು.

"ಮೂರು ಕಡ್ಡಿಗೋಸ್ಕರ ಪೊಟ್ಟಣ ಪೂರ್ತಿ ಸುರಿದು ಕೂತಿದ್ದೀಯಲ್ಲೇ, ಒಲೆ ನಿಮ್ಮಪ್ಪ ಬಂದು ಹಚ್ತಾನಾ?" ಎಂದು ಅಜ್ಜಿ ಬೈದಳು. ಅಜ್ಜಿ ಎಂದರೆ ಅಪ್ಪನ ಅಮ್ಮ. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವು ಮೂವರು ಹೆಂಗಸರೇ.

"ಬರೆದಿದ್ದು ಒಂದು, ಇರೋದು ಒಂದು ಆಗಬಾರದು ಅತ್ತೆ," ಎಂದಳು ಅಮ್ಮ.

ಆ ಮಾತನ್ನು ಅವಳು ನೂರು ಸಲ ಹೇಳಿರಬಹುದು. ಮುಂದೆ ಆದದ್ದಕ್ಕೆಲ್ಲ ಆ ಮಾತೇ ಕಾರಣ ಎಂದು ಈಗ ಅವಳೇ ಹೇಳುತ್ತಾಳೆ.

ಮುದ್ರಣಾಲಯದ ಕಂಪ್ಯೂಟರ್ ದೊಡ್ಡ ಫೈಲು ತೆರೆಯುವಾಗ ಏದುಸಿರು ಬಿಡುತ್ತಿತ್ತು. ಮಾಲೀಕರು ಇನ್ನೆರಡು ಮೆಮೊರಿ ಪಟ್ಟಿ ತರಿಸಿದರು. ಹಾಕಲು ಬಂದವರು ಸ್ಕ್ರೂ ಮಾಮ. ಕಂಪ್ಯೂಟರ್ ರಿಪೇರಿ ಅವರ ಕಸುಬು. ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾರೆ, ಅದಕ್ಕೆ ಆ ಹೆಸರು. ಅಮ್ಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದ ನಾನು ಬಾಗಿಲ ಬಳಿ ನಿಂತಿದ್ದೆ. ಮಾಮ ಪಕ್ಕದ ತಗಡು ತೆಗೆದು, ಒಳಗಿದ್ದ ಎರಡು ಹಳೆಯ ಪಟ್ಟಿಗಳ ಜೊತೆಗೆ ಬಾಚಣಿಗೆಯಷ್ಟು ಉದ್ದದ ಎರಡು ಹೊಸ ಪಟ್ಟಿಗಳನ್ನು ಒತ್ತಿ ಕೂರಿಸಿದರು. ನಾಲ್ಕರ ಮೇಲೂ ಒಂದೇ ಅಂಕಿಯ ಚೀಟಿ ಅಂಟಿಸಿತ್ತು: 3600. ಅಮ್ಮ ಬಗ್ಗಿ ಅದನ್ನು ಓದಿದಳು. ಕಂಪ್ಯೂಟರ್ ಎದ್ದ ಮೇಲೆ, ಪರದೆಯ ಮೇಲೆ ಮೆಮೊರಿಯ ವೇಗ ತೋರಿಸುವ ಜಾಗವನ್ನು ಮಾಮ ತೆಗೆದು ತೋರಿಸಿದರು. ಅಲ್ಲಿ 2133 ಎಂದಿತ್ತು.

"ಇದು ತಪ್ಪಿದೆಯಲ್ಲಪ್ಪಾ," ಎಂದಳು ಅಮ್ಮ.

"ತಪ್ಪಲ್ಲ ಅಕ್ಕ. ಎಂಥಾ ಮೆಮೊರಿ ಹಾಕಿದ್ರೂ ಕಂಪ್ಯೂಟರ್ ಮೊದಲು ಹುಷಾರಾಗಿ ನಿಧಾನಕ್ಕೇ ಓಡಿಸುತ್ತೆ. ಚೀಟಿಲಿರೋ ವೇಗ ಬೇಕು ಅಂದ್ರೆ ನಾವಾಗೇ ಸೆಟ್ಟಿಂಗ್ ಒಳಗೆ ಹೋಗಿ ಆನ್ ಮಾಡ್ಬೇಕು."

"ಹಾಗಾದ್ರೆ ಮಾಡು."

"ಬೇಡ ಬಿಡಿ ಅಕ್ಕ. ನಾಲ್ಕು ಪಟ್ಟಿ ಕೂತಿವೆ. ನೆಟ್ಟಗೆ ಓಡ್ತಿರೋದಕ್ಕೆ ಯಾಕೆ ಕೈ ಹಾಕೋದು?"

"ಚೀಟಿಲಿ ಒಂದು ಅಂಕಿ, ಪರದೆಲಿ ಒಂದು ಅಂಕಿ. ಇದನ್ನ ದಿನಾ ಎದುರಿಗಿಟ್ಕೊಂಡು ನಾನು ಹೇಗೆ ಕೂತ್ಕೊಳ್ಳಲಿ?"

"ಬೇರೆಯವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ್ರೆ ನಿಮಗೆ ಅಂಕಿ ಸಿಕ್ಕುತ್ತೆ ನೋಡಿ," ಎಂದು ಮಾಮ ನಕ್ಕರು. ನಕ್ಕರೂ ಅಮ್ಮನ ಮಾತು ಮೀರಲಿಲ್ಲ. ಕಂಪ್ಯೂಟರನ್ನು ಮತ್ತೆ ಎಬ್ಬಿಸಿ, ಅದು ಪೂರ್ತಿ ಏಳುವ ಮೊದಲೇ ಒಂದು ಗುಂಡಿ ಒತ್ತಿ ಒಳಗಿನ ಸೆಟ್ಟಿಂಗ್ ತೆರೆದರು, ಪ್ರೊಫೈಲ್ ಎಂದಿದ್ದ ಸಾಲನ್ನು ಆನ್ ಮಾಡಿದರು. ಯಂತ್ರ ಎದ್ದಿತು. ಅವರು ಬೇರೊಂದು ತಂತ್ರಾಂಶ ತೆರೆದು ಅಳೆದರು. ಈ ಸಲ ಅದು 1800 ಎಂದು ತೋರಿಸಿತು.

"ಅಯ್ಯೋ, ಇದ್ದಿದ್ದನ್ನೂ ಇಳಿಸಿಬಿಟ್ಯಲ್ಲೋ!"

ಮಾಮ ಸ್ಕ್ರೂಗಳನ್ನು ಬಾಯಿಂದ ತೆಗೆದರು. "ಅಕ್ಕ, ಗರಗಸ ನೋಡಿದ್ದೀರಾ? ತಳ್ಳಿದಾಗಲೂ ಕೊಯ್ಯುತ್ತೆ, ಎಳೆದಾಗಲೂ ಕೊಯ್ಯುತ್ತೆ ಅಂತಿಟ್ಕೊಳ್ಳಿ. ಈ ಮೆಮೊರಿನೂ ಹಾಗೆ. ಒಂದು ಬಡಿತಕ್ಕೆ ಎರಡು ಸಲ ಮಾಲು ಸಾಗಿಸುತ್ತೆ. ಇದು ಬಡಿತ ಎಣಿಸಿ ಹೇಳ್ತಿದೆ, ಚೀಟಿಲೂ ಮೊದಲು ನೋಡಿದ ಜಾಗದಲ್ಲೂ ಸಾಗಿಸಿದ ಸಲ ಎಣಿಸಿದ್ದಾರೆ. ಎರಡೂ ಒಂದೇ."

ಅಮ್ಮ ಒಂದು ಹರಕು ಕಾಗದದಲ್ಲಿ 1800 × 2 = 3600 ಎಂದು ಬರೆದಳು. ಪಕ್ಕದಲ್ಲಿ ಸರಿ ಗುರುತು ಹಾಕಿ ಪರದೆಯ ಅಂಚಿಗೆ ಅಂಟಿಸಿದಳು. ಅವಳ ಮುಖದಲ್ಲಿ ಒಂದು ಪುಟ ತಿದ್ದಿ ಮುಗಿಸಿದ ನೆಮ್ಮದಿಯಿತ್ತು.

ಹನ್ನೊಂದು ವಾರ ಯಂತ್ರ ಗಾಳಿಯ ಹಾಗೆ ಓಡಿತು.

ಹನ್ನೆರಡನೆಯ ವಾರದ ಸೋಮವಾರ ಮಕ್ಕಳ ಆಸ್ಪತ್ರೆಯಿಂದ ಫೋನ್ ಬಂತು. ಮಗುವಿನ ತೂಕ ನೋಡಿ ಯಾವ ಔಷಧ ಎಷ್ಟು ಕೊಡಬೇಕು ಎಂದು ನರ್ಸುಗಳಿಗಾಗಿ ಮಾಡಿದ ನಲವತ್ತೆಂಟು ಪುಟದ ಕೈಪಿಡಿಯನ್ನು ಅಮ್ಮನೇ ಜೋಡಿಸಿದ್ದಳು. ಅದರ ಹದಿನೇಳನೆಯ ಪುಟದಲ್ಲಿ, ಜ್ವರದ ಔಷಧದ ಸಾಲಿನಲ್ಲಿ, 2.5 ಮಿಲಿ ಇರಬೇಕಾದಲ್ಲಿ 6.5 ಎಂದು ಅಚ್ಚಾಗಿತ್ತು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಔಷಧ ಅಳೆಯುವಾಗ ಅನುಮಾನ ಬಂದು ಕೈ ತಡೆದಿದ್ದರು. ಯಾವ ಮಗುವಿಗೂ ಏನೂ ಆಗಿರಲಿಲ್ಲ. ಪುಸ್ತಕಗಳೆಲ್ಲ ಅಂದೇ ವಾಪಸ್ ಬಂದವು.

ಮಾಲೀಕರು ಹಳೆಯ ಪ್ರೂಫ್ ತೆಗೆಸಿದರು. ಅಮ್ಮನ ಸಹಿ ಇದ್ದ ಪ್ರೂಫಿನಲ್ಲಿ 2.5 ಎಂದೇ ಇತ್ತು. ಪ್ರೂಫ್ ಒಪ್ಪಿಗೆಯಾದ ಮೇಲೆ ಆಸ್ಪತ್ರೆಯವರು ಕೊನೆಯ ಪುಟದ ಫೋನ್ ನಂಬರ್ ಬದಲಿಸಲು ಹೇಳಿದ್ದರು. ಅದಕ್ಕಾಗಿ ಫೈಲನ್ನು ಮತ್ತೆ ತೆರೆದು, ಬದಲಿಸಿ, ಉಳಿಸಿದವಳು ಅಮ್ಮ. ಬೇರೆ ಯಾರೂ ಆ ಫೈಲನ್ನು ಮುಟ್ಟಿರಲಿಲ್ಲ.

"ನೋಡಿಮ್ಮಾ," ಎಂದರು ಮಾಲೀಕರು. ಅವರು ಕೂಗಾಡುವವರಲ್ಲ, ಅದೇ ಅಮ್ಮನಿಗೆ ಹೆಚ್ಚು ಭಯ. "ಆಸ್ಪತ್ರೆಗೆ ಉತ್ತರ ಕೊಡಬೇಕು. ಶನಿವಾರದವರೆಗೆ ಸಮಯ ಕೊಡ್ತೀನಿ. ಹೇಗಾಯ್ತು ಅಂತ ಹೇಳಿ. ಇಲ್ಲಾಂದ್ರೆ ಈ ಕಾಗದಕ್ಕೆ ಸಹಿ ಹಾಕಿ ಕೆಲಸ ಬಿಡಿ. ನನಗೆ ಬೇರೆ ದಾರಿ ಇಲ್ಲ."

ಕಾಗದದಲ್ಲಿ ಎರಡೇ ಸಾಲು ಇದ್ದವು. ನನ್ನ ಅಜಾಗರೂಕತೆಯಿಂದ ಈ ತಪ್ಪು ಆಗಿದೆ, ಇನ್ನು ಮುಂದೆ ನಾನು ಈ ಕೆಲಸಕ್ಕೆ ತಕ್ಕವಳಲ್ಲ ಎಂದು ಒಪ್ಪುತ್ತೇನೆ. ಅಮ್ಮ ಅದನ್ನು ಓದಿ, ಅಭ್ಯಾಸಬಲದಿಂದ ಒಂದು ಅಲ್ಪವಿರಾಮ ಸರಿಮಾಡಿ, ವಾಪಸ್ ಇಟ್ಟು ಬಂದಳಂತೆ. ಸಹಿ ಮಾಡಲು ಕೈ ಬರಲಿಲ್ಲ.

ಮಂಗಳವಾರ, ಬುಧವಾರ ಅವಳು ಕೈಪಿಡಿಯ ಒಂದು ಪ್ರತಿಯನ್ನೂ ಪ್ರೂಫನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿ ಕೂತಳು. ನಾನು ಪ್ರೂಫಿನಿಂದ ಗಟ್ಟಿಯಾಗಿ ಓದಬೇಕು, ಅವಳು ಅಚ್ಚಾದದ್ದರಲ್ಲಿ ಬೆರಳಿಟ್ಟು ನೋಡಬೇಕು. ನನ್ನ ದನಿ ಸಣ್ಣದು, ಶಾಲೆಯಲ್ಲಿದ್ದಾಗ ಅದಕ್ಕೇ ಬೈಸಿಕೊಳ್ಳುತ್ತಿದ್ದೆ. ಈಗ ಅಮ್ಮ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿಸಿದಳು. ಮೊದಲ ಸಲ ಕೇಳಿಸಿರುತ್ತಿತ್ತು, ಆದರೆ ಕೇಳಿಸಿದ್ದು ಸರಿಯೇ ಎಂದು ಅವಳಿಗೆ ನಂಬಿಕೆ ಇರುತ್ತಿರಲಿಲ್ಲ.

ಒಂಬತ್ತು ಕಡೆ ತಪ್ಪು ಸಿಕ್ಕಿತು.

ಪ್ರತಿ ತಪ್ಪು ಸಿಕ್ಕಾಗಲೂ ಅವಳು ನೋಟುಪುಸ್ತಕದಲ್ಲಿ ಗೆರೆ ಎಳೆದು ಎಡಗಡೆ ಇರಬೇಕಾದದ್ದು, ಬಲಗಡೆ ಇದ್ದದ್ದು ಎಂದು ಬರೆಯುತ್ತಿದ್ದಳು. ಐದನೆಯದು ಸಿಕ್ಕಿದಾಗ ಅವಳ ಪೆನ್ಸಿಲಿನ ಮೊನೆ ಮುರಿಯಿತು. ಎದ್ದು ಹೋಗಿ ಮುಖ ತೊಳೆದು ಬಂದಳು.

"ಊರವರ ತಪ್ಪೆಲ್ಲ ಹೆಕ್ಕಿದ ಕಣ್ಣು, ದೃಷ್ಟಿಯಾಗಿದೆ ಬಿಡು," ಎಂದಳು ಅಜ್ಜಿ. ಅದು ಕೊಂಕೋ ಸಮಾಧಾನವೋ ಅಜ್ಜಿಗೇ ಗೊತ್ತಿರಲಿಕ್ಕಿಲ್ಲ.

ಅಮ್ಮ ಆ ಮಾತನ್ನೂ ಅಕ್ಷರಶಃ ಹಿಡಿದುಕೊಂಡಳು. ಬುಧವಾರ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕನ್ನಡಕ ಸರಿಯಾಗಿದೆ, ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಎಂದು ಹೊಗಳಿ ಕಳಿಸಿದರು. ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದ್ದು.

"ಕಣ್ಣು ಕೆಟ್ಟಿದ್ರೆ ಕನ್ನಡಕ ಬದಲಿಸ್ಬಹುದಿತ್ತು. ಈಗ ನನ್ನಲ್ಲಿ ಕೆಟ್ಟಿರೋದು ಏನು ಮಗಳೇ?"

ಅವಳ ಕೈಯಲ್ಲಿದ್ದ ಟಿಕೆಟನ್ನು ಅವಳು ಓದಿರಲಿಲ್ಲ. ಅವಳು ಓದದ ಟಿಕೆಟನ್ನು ನಾನು ನೋಡಿದ್ದು ಅದೇ ಮೊದಲು.

ಮನೆಯಲ್ಲಿ ಅವಳು ತನ್ನ ಕೈಯನ್ನೇ ನಂಬದಾದಳು. ಗ್ಯಾಸ್ ಆರಿಸಿ, ಆರಿಸಿದ್ದೇನಾ ನೋಡು ಎಂದು ನನ್ನನ್ನು ಕರೆಯುವಳು. ಅಜ್ಜಿಯ ರಕ್ತದೊತ್ತಡದ ಮಾತ್ರೆಯನ್ನು ಅವಳೇ ಕೊಡುವುದು ರೂಢಿ. ಬುಧವಾರ ಸಂಜೆ ಮಾತ್ರೆಯ ಹಾಳೆಯನ್ನು ನನ್ನ ಕೈಗಿಟ್ಟು, "ನೀನು ಕೊಡು. ನಾನು ಕೊಡಲ್ಲ," ಎಂದಳು. ಅಜ್ಜಿ ಏನೋ ಹೇಳಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು. ಅಜ್ಜಿ ಸುಮ್ಮನಾದದ್ದು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

"ಆ ನರ್ಸಮ್ಮ ಅವತ್ತು ರಜ ಹಾಕಿದ್ದಿದ್ರೆ?" ಎಂದು ಅಮ್ಮ ಗೋಡೆಯ ಕಡೆ ನೋಡುತ್ತ ಕೇಳಿದಳು. ಊಟದ ತಟ್ಟೆ ಹಾಗೇ ಇತ್ತು.

ಗುರುವಾರ ಬೆಳಿಗ್ಗೆ ಸಹಿ ಹಾಕುವುದೆಂದು ತೀರ್ಮಾನಿಸಿ ಎದ್ದಳು. ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ನೋಟುಪುಸ್ತಕವನ್ನು ಚೀಲಕ್ಕೆ ಹಾಕುವ ಮೊದಲು ಕೊನೆಯ ಸಲ ತೆರೆದಳು. ನಿಂತಲ್ಲೇ ನಿಂತಳು.

"ಇದನ್ನ ಓದು," ಎಂದಳು.

ನಾನು ಓದಿದೆ. "ಇರಬೇಕಾದದ್ದು 2, ಇರುವುದು 6. 1, 5. 3, 7. 2, 6. 0, 4. ಮತ್ತೆ 1, 5. 3, 7. 2, 6." ಒಂಬತ್ತನೆಯದು ವಿಚಿತ್ರವಾಗಿತ್ತು. 8 ಇರಬೇಕಾದಲ್ಲಿ < ಎಂಬ ಚಿಹ್ನೆ ಇತ್ತು. ಅಚ್ಚಿನಲ್ಲಿ ಅದು ಅರ್ಧ ಸವೆದ ಅಂಕಿಯ ಹಾಗೆ ಕಂಡಿದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

"ಎಲ್ಲಾ ನಾಲ್ಕು," ಎಂದಳು ಅಮ್ಮ. "ಎಲ್ಲಾದ್ರಲ್ಲೂ ನಾಲ್ಕು ಜಾಸ್ತಿ. ಕಣ್ಣು ಮೋಸ ಹೋದ್ರೆ ಮೂರು ಎಂಟಾಗುತ್ತೆ, ಒಂದು ಏಳಾಗುತ್ತೆ. ಕೈ ಜಾರಿದ್ರೆ ಪಕ್ಕದ ಗುಂಡಿ ಬೀಳುತ್ತೆ, ಎರಡು ಮೂರಾಗುತ್ತೆ. ಹತ್ತೊಂಬತ್ತು ವರ್ಷ ತಪ್ಪು ನೋಡಿದ್ದೀನಿ. ಮನುಷ್ಯರು ಹೀಗೆ ಲೆಕ್ಕ ಹಾಕಿ ತಪ್ಪು ಮಾಡಲ್ಲ."

ಅವಳು ಮುದ್ರಣಾಲಯಕ್ಕೆ ಹೋಗುವ ಬದಲು ಸ್ಕ್ರೂ ಮಾಮನ ಅಂಗಡಿಗೆ ನಡೆದಳು. ನಾನು ಹಿಂದೆ ಓಡಿದೆ. ಮಾಮ ನೋಟುಪುಸ್ತಕ ನೋಡಿದರು. ಬಾಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಿದರು.

"ಆ ಚಿಹ್ನೆನೂ ನಾಲ್ಕೇ ಅಕ್ಕ," ಎಂದರು. "ಕಂಪ್ಯೂಟರಿಗೆ ಅಂಕಿ ಅಕ್ಷರ ಯಾವುದೂ ಗೊತ್ತಿಲ್ಲ. ಪ್ರತಿಯೊಂದಕ್ಕೂ ಒಳಗೆ ಒಂದು ನಂಬರ್ ಇರುತ್ತೆ. ಎಂಟಕ್ಕೆ ಐವತ್ತಾರು. ಈ ಚಿಹ್ನೆಗೆ ಅರವತ್ತು. ಹೀಗೆ ಒಂದೇ ಲೆಕ್ಕದಲ್ಲಿ ತಪ್ಪೋದು ಅಂದ್ರೆ ಮೆಮೊರಿನೇ ಇರಬೇಕು."

ಅಮ್ಮ ಬೆಂಚಿನ ಮೇಲೆ ಕೂತಳು.

ಮಾಲೀಕರನ್ನು ಒಪ್ಪಿಸಿ ಶುಕ್ರವಾರ ಬೆಳಿಗ್ಗೆಯಿಂದ ಮಾಮ ಆ ಕಂಪ್ಯೂಟರಿನ ಮೇಲೆ ಮೆಮೊರಿ ಪರೀಕ್ಷೆ ಹಚ್ಚಿದರು. ಆ ಪರೀಕ್ಷೆ ಮೆಮೊರಿಯ ಮೂಲೆಮೂಲೆಯಲ್ಲೂ ಒಂದು ಸಂಖ್ಯೆ ಬರೆಯುತ್ತದೆ, ಮತ್ತೆ ಓದಿ ನೋಡುತ್ತದೆ. ಒಂದು ಗಂಟೆ ಏನೂ ಬರಲಿಲ್ಲ. ಎರಡು ಗಂಟೆಯಾದರೂ ಬರಲಿಲ್ಲ. ಅಮ್ಮ ಕುರ್ಚಿಯ ತುದಿಯಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದಳು. ತಪ್ಪು ಸಿಗಲಿ ಎಂದು ಅವಳು ಪ್ರಾರ್ಥಿಸಿದ್ದು ಹತ್ತೊಂಬತ್ತು ವರ್ಷದಲ್ಲಿ ಅದೊಂದೇ ದಿನವಿರಬೇಕು.

ಊಟದ ಹೊತ್ತು ದಾಟಿದ ಮೇಲೆ, ಯಂತ್ರ ಚೆನ್ನಾಗಿ ಬಿಸಿಯಾದಾಗ, ಮೊದಲ ಕೆಂಪು ಸಾಲು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಪ್ರತಿ ಸಾಲಿನಲ್ಲೂ ಎರಡು ಅಂಕಣ ಇದ್ದವು: ಇರಬೇಕಾದದ್ದು, ಇರುವುದು. ಅಮ್ಮನ ನೋಟುಪುಸ್ತಕದ ಹಾಗೆಯೇ. ಮಾಮ ಬೆರಳಿಟ್ಟು ತೋರಿಸಿದರು. ವ್ಯತ್ಯಾಸ ಪ್ರತಿ ಸಾಲಿನಲ್ಲೂ ನಾಲ್ಕು.

ನಾನು ಅಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ಕೇಳಿದಳು, "ಪಟ್ಟಿ ಕೆಟ್ಟಿದೆಯಾ?"

ಮಾಮ ಸೆಟ್ಟಿಂಗ್ ತೆರೆದು ಪ್ರೊಫೈಲ್ ಆಫ್ ಮಾಡಿದರು. ವೇಗ 2133ಕ್ಕೆ ಇಳಿಯಿತು. ಮತ್ತೆ ಪರೀಕ್ಷೆ ಹಚ್ಚಿದರು. ಮುದ್ರಣಾಲಯ ಮುಚ್ಚುವವರೆಗೆ ಒಂದೂ ಕೆಂಪು ಸಾಲು ಬರಲಿಲ್ಲ.

"ಪಟ್ಟಿಗಳು ಚೆನ್ನಾಗೇ ಇವೆ ಅಕ್ಕ," ಎಂದರು. ಅವರಿಗೆ ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. "ಚೀಟಿಯಲ್ಲಿ ಬರೆದಿರೋದು ಆ ಪಟ್ಟಿಯ ತಾಕತ್ತು. ಅಷ್ಟು ವೇಗಕ್ಕೆ ಬೋರ್ಡು ಒಪ್ಪಬೇಕು, ಪ್ರೊಸೆಸರ್ ಒಪ್ಪಬೇಕು. ಒಂದು ಬೀರು ಹೊತ್ತು ಮೆಟ್ಟಿಲು ಇಳಿಯೋ ನಾಲ್ಕು ಜನ ಅಂತಿಟ್ಕೊಳ್ಳಿ. ಒಬ್ಬೊಬ್ಬರೇ ಓಡಿ ಇಳೀತಾರೆ. ನಾಲ್ವರೂ ಸೇರಿ ಹೊತ್ತಾಗ ನಿಧಾನಕ್ಕೇ ಇಳೀಬೇಕು, ಇಲ್ಲಾಂದ್ರೆ ಯಾರದೋ ಕಾಲು ತಪ್ಪುತ್ತೆ. ನೀವು ಫೈಲ್ ತೆರೆದು ಉಳಿಸಿದಾಗ ಹಾಗೇ ಕಾಲು ತಪ್ಪಿ ಅಂಕಿ ಬದಲಾಗಿದೆ. ನಾನೇ ಪರೀಕ್ಷೆ ಮಾಡಿ ಕೊಡಬೇಕಿತ್ತು. ಎದ್ದಿತು ಅಂತ ಬಿಟ್ಟುಬಿಟ್ಟೆ."

"ನೀನು ಬೇಡ ಅಂದಿದ್ದೆ," ಎಂದಳು ಅಮ್ಮ.

ಪರದೆಯ ಅಂಚಿನಲ್ಲಿ ಅವಳು ಅಂಟಿಸಿದ್ದ ಹರಕು ಕಾಗದ ಇನ್ನೂ ಇತ್ತು. ಅದರ ಮೇಲಿನ ಸರಿ ಗುರುತನ್ನು ಅವಳು ತುಂಬ ಹೊತ್ತು ನೋಡಿದಳು.

"ತಪ್ಪು ನಂದಲ್ಲ ಅಂತ ತೋರಿಸೋಕೆ ಬಂದೆ. ಇದು ನಂದೇ. ಸರಿ ಇದ್ದಿದ್ದನ್ನ ತಿದ್ದಿದೆ."

ಶನಿವಾರ ಮಾಲೀಕರ ಕೋಣೆಗೆ ಅಮ್ಮ, ಮಾಮ ಇಬ್ಬರೂ ಹೋದರು. ನಾನು ಹೊರಗಿನ ಬೆಂಚಿನಲ್ಲಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಮಾಮ ಮೊದಲು ಎಲ್ಲವನ್ನೂ ವಿವರಿಸಿದರು. ಮಾಲೀಕರು ಕೇಳಿದ್ದು ಒಂದೇ.

"ವೇಗ ಜಾಸ್ತಿ ಮಾಡು ಅಂತ ಹೇಳಿದ್ದು ಯಾರು?"

"ಅದು ಸರ್, ನಾನೇ..." ಎಂದು ಮಾಮ ಶುರುಮಾಡಿದರು.

"ನಾನು ಸರ್," ಎಂದಳು ಅಮ್ಮ. "ಅವನು ಬೇಡ ಅಂದ. ನಾನು ಹಟ ಮಾಡಿದೆ. ಆಸ್ಪತ್ರೆಗೆ ಹಾಗೇ ಬರೀರಿ. ಇನ್ನೊಂದು ವಿಷಯ ಇದೆ. ಈ ಹನ್ನೊಂದು ವಾರದಲ್ಲಿ ನಾವು ಕೈಪಿಡಿ ಒಂದೇ ಮಾಡಿಲ್ಲ. ನಲವತ್ತೊಂದು ಕೆಲಸ ಹೊರಗೆ ಹೋಗಿವೆ. ಅಕ್ಷರ ಕೆಟ್ಟಿದ್ರೆ ಪದ ಕೆಡುತ್ತೆ, ಯಾರಾದ್ರೂ ನೋಡ್ತಾರೆ. ಅಂಕಿ ಕೆಟ್ರೆ ಅದೂ ಒಂದು ಅಂಕಿನೇ, ಯಾರಿಗೂ ಕಾಣಲ್ಲ. ಅಷ್ಟನ್ನೂ ನಾನು ಹಳೇ ಪ್ರೂಫ್ ಇಟ್ಕೊಂಡು ನೋಡ್ಬೇಕು."

ಮಾಲೀಕರು ಕುರ್ಚಿ ಹಿಂದೆ ಸರಿಸಿದರು.

"ಇದೆಲ್ಲಾ ಹೊರಗೆ ಹೇಳ್ಕೊಂಡು ತಿರುಗಿದ್ರೆ ನಮ್ಮ ಹತ್ರ ಯಾರಮ್ಮಾ ಬರ್ತಾರೆ?"

"ಹೇಳದೇ ಇದ್ರೆ ಆ 6.5 ಥರದ್ದು ಇನ್ನೆಲ್ಲಿ ಕೂತಿದೆಯೋ ಸರ್. ನನಗೆ ಅನ್ನ ಇಳೀತಿಲ್ಲ."

ಮಾಲೀಕರು ಎರಡು ಸಾಲಿನ ಕಾಗದವನ್ನು ಹರಿಯಲಿಲ್ಲ, ಅವಳ ಮುಂದೆ ತಳ್ಳಲೂ ಇಲ್ಲ. ಮೇಜಿನ ಡ್ರಾಯರಿಗೆ ಹಾಕಿದರು. "ಮೊದಲು ನಲವತ್ತೊಂದನ್ನೂ ನೋಡಿ ಮುಗಿಸಿ. ಕೆಲಸದ ಮಾತು ಆಮೇಲೆ," ಎಂದರು.

ಅವಳು ಅಂದಿನಿಂದ ನೋಡುತ್ತಿದ್ದಾಳೆ. ಮೊದಲ ಏಳು ಕೆಲಸದಲ್ಲಿ ಏನೂ ಇರಲಿಲ್ಲ. ಎಂಟನೆಯದು ಒಬ್ಬ ಬೀಗ ರಿಪೇರಿಯವರ ಕಾರ್ಡು. ಸಾವಿರ ಕಾರ್ಡು ಹೋಗಿದ್ದವು. ಫೋನ್ ನಂಬರಿನ ಕೊನೆಯಿಂದ ಮೂರನೆಯ ಅಂಕಿ 3 ಇರಬೇಕು, 7 ಇತ್ತು.

ಅಮ್ಮ ಫೋನ್ ಮಾಡಿ ಹೇಳಬಹುದಿತ್ತು. ನನ್ನನ್ನೂ ಕರೆದುಕೊಂಡು ನಡೆದೇ ಹೋದಳು. ಎರಡು ಕಟ್ಟಡಗಳ ನಡುವಿನ ಸಂದಿನಲ್ಲಿ ಅವರ ಅಂಗಡಿ, ಬಾಗಿಲಷ್ಟೇ ಅಗಲ. ಗೋಡೆಯ ತುಂಬ ಬೀಗದ ಕೈಗಳು ತೂಗುತ್ತಿದ್ದವು. ಒಳಗೆ ವಯಸ್ಸಾದ ಒಬ್ಬರು ಕೈಕಟ್ಟಿ ಕೂತಿದ್ದರು. ಎದುರಿಗಿದ್ದ, ಬೀಗದ ಕೈಗೆ ಹಲ್ಲು ಕೊರೆಯುವ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು.

ಅಮ್ಮ ಕಾರ್ಡು ಮುಂದಿಟ್ಟಳು. ತಾನು ಯಾರು, ಏನಾಗಿದೆ ಎಂದು ಹೇಳಿದಳು. ಮೆಮೊರಿ, ವೇಗ ಯಾವುದನ್ನೂ ಹೇಳಲಿಲ್ಲ. "ಅಂಕಿ ತಪ್ಪಾಗಿದೆ ಅಣ್ಣಾ. ತಪ್ಪು ನನ್ನಿಂದ ಆಯ್ತು," ಎಂದಳು.

ಅವರು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಂಕಿ ಓದಿದರು. ಕೊನೆಯಿಂದ ಮೂರನೆಯದರಲ್ಲಿ ನಿಂತರು.

"ಎರಡು ತಿಂಗಳಿಂದ ಫೋನೇ ಇಲ್ಲಮ್ಮಾ," ಎಂದರು. "ಇನ್ನು ಜನಕ್ಕೆ ನಾನು ಬೇಡವಾದೆ ಅಂದ್ಕೊಂಡೆ. ಕೈ ನಡುಗುತ್ತಲ್ಲ, ಅದು ಗೊತ್ತಾಗಿರಬೇಕು ಎಲ್ಲರಿಗೂ ಅಂತ. ಹೋದ ವಾರ ಮಗನಿಗೆ ಹೇಳಿದೆ, ಅಂಗಡಿ ಕೊಟ್ಬಿಡೋಣ ಅಂತ."

ಅಮ್ಮ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ಮೇಲೇ ಕೂತುಬಿಟ್ಟಳು. ಅಷ್ಟು ದಿನ ಅಳದಿದ್ದವಳು ಅಲ್ಲಿ, ಗುರುತಿಲ್ಲದವರ ಅಂಗಡಿಯ ಮುಂದೆ ಅತ್ತಳು. ಅವರು ಗಾಬರಿಯಾಗಿ ಒಂದು ಲೋಟ ನೀರು ಕೊಟ್ಟರು. ಲೋಟ ಹಿಡಿದ ಅವರ ಕೈ ನಿಜವಾಗಿಯೂ ನಡುಗುತ್ತಿತ್ತು.

"ಅಂಗಡಿ ಕೊಟ್ಟಾಯ್ತಾ?" ಎಂದು ಅಮ್ಮ ಕೇಳಿದಳು.

"ಇಲ್ಲ. ನಾಳಿದ್ದು ನೋಡೋಕೆ ಬರ್ತಾರೆ."

"ಬೇಡ ಅನ್ನಿ ಅಣ್ಣಾ. ಒಂದು ತಿಂಗಳು ತಡೀರಿ. ಹೊಸ ಕಾರ್ಡು ನಾನು ತಂದುಕೊಡ್ತೀನಿ."

ಅವರು ಯಂತ್ರದ ಮೇಲಿನ ಬಟ್ಟೆಯ ಅಂಚನ್ನು ಬೆರಳಿನಿಂದ ಮಡಚುತ್ತ, ಬಿಡಿಸುತ್ತ ಇದ್ದರು.

ಹೊಸ ಕಾರ್ಡನ್ನು ಅಮ್ಮ ಮರುದಿನವೇ ಜೋಡಿಸಿದಳು. ಉಳಿಸಿದ ಮೇಲೆ ಫೈಲನ್ನು ಮತ್ತೆ ತೆರೆದು ನೋಡಿದಳು, ನನ್ನ ಕೈಲಿ ಓದಿಸಿದಳು, ಅಚ್ಚಾದ ಮೇಲೆ ಕಾರ್ಡಿನಲ್ಲಿದ್ದ ನಂಬರಿಗೆ ತಾನೇ ಫೋನ್ ಮಾಡಿದಳು. ಆ ಕಡೆಯಿಂದ ಅವರ ದನಿ ಬಂತು. "ಯಾರು? ಬೀಗಾನಾ?" ಎಂದರು. ಅಮ್ಮ ಫೋನ್ ಇಟ್ಟುಬಿಟ್ಟಳು.

ಕಂಪ್ಯೂಟರ್ ಈಗ 2133ರಲ್ಲೇ ಓಡುತ್ತಿದೆ. ಪರದೆಯ ಅಂಚಿನ ಕಾಗದವನ್ನು ಅವಳು ಕಿತ್ತಿಲ್ಲ. ನಲವತ್ತೊಂದರಲ್ಲಿ ಇಪ್ಪತ್ತಾರು ನೋಡಿ ಮುಗಿಸಿದ್ದಾಳೆ, ಇನ್ನೂ ಮೂರರಲ್ಲಿ ತಪ್ಪು ಸಿಕ್ಕಿದೆ, ಮೂರು ಕಡೆಗೂ ನಡೆದು ಹೋಗಿ ಹೇಳಿ ಬಂದಿದ್ದಾಳೆ. ಎರಡು ಸಾಲಿನ ಕಾಗದ ಮಾಲೀಕರ ಡ್ರಾಯರಿನಲ್ಲೇ ಇದೆ. ಅಜ್ಜಿಯ ಮಾತ್ರೆಯನ್ನು ಈಗಲೂ ನಾನೇ ಕೊಡುತ್ತೇನೆ.